ಹಿನ್ನೀರಿನ ಇಪ್ಪತ್ತೆರಡು ನಿಮಿಷ

ನನ್ನ ಮೊದಲ ಮುಸ್ಸಂಜೆ ಚಿತ್ರ ಈಗಲೂ ಮನೆಯ ಅಟ್ಟದ ಮೇಲಿದೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಕಾಡ್ಗಿಚ್ಚಾ?" ಅಲ್ಲ. ಅದು ಹೊಳೆಬಾಗಿಲು ದಡದಿಂದ ಕಂಡ ಶರಾವತಿ ಹಿನ್ನೀರು, ಏಪ್ರಿಲ್ ತಿಂಗಳ ಒಂದು ಸಂಜೆ. ಆ ಸಂಜೆ ನಿಜವಾಗಿ ಮಂಕಾಗಿತ್ತು, ತಣ್ಣಗಿತ್ತು. ನಾನು ಮಾತ್ರ ಅರ್ಧ ಟ್ಯೂಬ್ ಕಿತ್ತಳೆ ಬಣ್ಣ ಖಾಲಿ ಮಾಡಿ ಬಂದಿದ್ದೆ.

ನಾನು ಚಿತ್ರಕಲೆ ಓದಿದವಳಲ್ಲ. ಸಾಗರದಲ್ಲಿ ಬ್ಯಾಂಕ್ ಕೆಲಸ. 2022ರ ಬೇಸಿಗೆಯಲ್ಲಿ, ನಲವತ್ತನಾಲ್ಕನೇ ವಯಸ್ಸಿಗೆ, ಆಯಿಲ್ ಪೇಂಟ್ ಹಿಡಿದೆ. ಶಾಲೆಯಲ್ಲಿ ಎಲ್ಲರೂ ಬಿಡಿಸುವ ಆ ಚಿತ್ರ ಇದೆಯಲ್ಲ, ಎರಡು ಗುಡ್ಡ, ಮಧ್ಯೆ ಸೂರ್ಯ, ಒಂದು ತೆಂಗಿನಮರ, ಒಂದು ಗುಡಿಸಲು, ಅದೇ ನನ್ನ ಬಂಡವಾಳ. ಆ ಗುಡ್ಡದ ಮಧ್ಯದ ಸೂರ್ಯನನ್ನು ತಲೆಯಿಂದ ಇಳಿಸಲಿಕ್ಕೇ ನನಗೆ ಎರಡು ವರ್ಷ ಹಿಡಿಯಿತು.

ಹೊಳೆಬಾಗಿಲು ನೋಡದವರಿಗೆ ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರು, ತೋಟ, ಗದ್ದೆ, ಕಾಡು ಎಲ್ಲ ನೀರಿನಡಿ ಹೋದವು. ಸಿಗಂದೂರಿಗೆ ಹೋಗುವವರು ಲಾಂಚ್ ಹತ್ತಲು ಸಾಲುಗಟ್ಟಿ ನಿಲ್ಲುತ್ತಿದ್ದ ದಡ ಇದು. ಮಳೆಗಾಲ ಮುಗಿದಾಗ ನೀರು ಕಾಡಿನ ಅಂಚಿಗೇ ತಾಗಿಕೊಂಡಿರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತಾ ಹೋದಂತೆ ದಡದ ಸುತ್ತ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಮೋಟುಗಳು ಒಂದೊಂದಾಗಿ ತಲೆ ಎತ್ತುತ್ತವೆ. ಸಾಗರದ ಕಡೆಯ ದಡದಲ್ಲಿ ನಿಂತರೆ ಎದುರಿಗೇ ಪಶ್ಚಿಮ. ಸೂರ್ಯ ನೀರಿನಾಚೆಯ ಗುಡ್ಡಗಳ ಹಿಂದೆ ಇಳಿಯುತ್ತಾನೆ. ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಏನು ಬೇಕು ಅನ್ನಿಸುತ್ತದೆ. ಬ್ರಷ್ ಹಿಡಿದ ಮೇಲೆಯೇ ಕಷ್ಟ ಗೊತ್ತಾಗುವುದು.

ಮೊದಲ ಕಷ್ಟ ಹೊತ್ತಿನದು. ಫೋನಿನಲ್ಲಿ ಯುರೋಪಿನ ಪೇಂಟರುಗಳ ವಿಡಿಯೋ ನೋಡಿ ಹೊರಟಿದ್ದೆ. ಅವರು ಸಂಜೆ ಬೆಳಕಿನಲ್ಲಿ ಆರಾಮಾಗಿ ನಿಂತು, ಬಣ್ಣ ಕಲಸಿ, ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ಓರೆ ಮಾಡಿ ನೋಡುತ್ತಾರೆ. ನಾನೂ ಹಾಗೇ ತಲೆ ಓರೆ ಮಾಡಿದೆ. ನೇರ ಮಾಡುವಷ್ಟರಲ್ಲಿ ಕತ್ತಲು. ನಮ್ಮ ಕಡೆ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಆ ದೇಶಗಳಲ್ಲಿ ಓರೆಯಾಗಿ ಜಾರುತ್ತಾನೆ. ಹಾಗಾಗಿ ಪ್ಯಾರಿಸ್ಸಿನಲ್ಲಿ ಮುಸ್ಸಂಜೆ ಬೆಳಕು ಅರ್ಧ ಗಂಟೆಗೂ ಜಾಸ್ತಿ ಉಳಿದರೆ, ಸಾಗರದಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ ಅಷ್ಟೇ. ಅದರಲ್ಲೂ ಬಣ್ಣ ನಿಜವಾಗಿ ಚೆನ್ನಾಗಿರುವುದು ನಡುವಿನ ಹತ್ತು ನಿಮಿಷ. ಈ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ನಾಲ್ಕು ಬೋರ್ಡ್ ಹಾಳಾದ ಮೇಲೆ ಗಡಿಯಾರ ಇಟ್ಟುಕೊಂಡು ನಾನೇ ಬರೆದುಕೊಂಡೆ.

ಎರಡನೆಯದು ಕಣ್ಣಿನ ಕಷ್ಟ. ಕತ್ತಲಾಗುವವರೆಗೂ ಬಿಡಿಸಿ, ಚೆನ್ನಾಗಿ ಬಂತು ಅಂತ ಖುಷಿಯಲ್ಲಿ ಮನೆಗೆ ಬಂದು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಕಿರುಚುತ್ತಿರುತ್ತಿತ್ತು. ರಾತ್ರಿ ಯಾರೋ ಬಂದು ಕುಂಕುಮ ಚೆಲ್ಲಿ ಹೋದಂತೆ. ನಾನೇ ಹಾಕಿದ ಬಣ್ಣ ಇದು ಅಂತ ನಂಬಲಿಕ್ಕೆ ಆಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಅಂಗಳದಲ್ಲಿ. ಬಾವಿಕಟ್ಟೆ ಹತ್ತಿರ ಕೆಂಪು ದಾಸವಾಳದ ಗಿಡ ಇದೆ. ಒಂದು ದಿನ ಸಂಜೆ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಹಗಲಿನಲ್ಲಿ ಎಲೆಗಿಂತ ಹೂವೇ ಹೊಳೆಯುತ್ತದೆ, ಅಲ್ವಾ? ಕತ್ತಲಾಗುತ್ತಾ ಬಂದಾಗ ಉಲ್ಟಾ. ಮೊದಲು ಕಪ್ಪಾಗಿದ್ದು ಹೂವು. ಎಲೆಗಳು ಇನ್ನೂ ಬೆಳ್ಳಗೆ ಕಾಣುತ್ತಿದ್ದವು. ಇದನ್ನು ಸುಮಾರು ಇನ್ನೂರು ವರ್ಷದ ಹಿಂದೆ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಗಮನಿಸಿದ್ದರಂತೆ, ಅವರೂ ಹೂವು ನೋಡುತ್ತಲೇ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಬೇರೆ ಕೋಶಗಳಿಂದ ನೋಡಲು ಶುರುಮಾಡುತ್ತದೆ. ಅವಕ್ಕೆ ನೀಲಿ, ಹಸಿರು ಚೆನ್ನಾಗಿ ಕಾಣುತ್ತದೆ, ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಂದರೆ ನಾನು ದಡದಲ್ಲಿ ನಿಂತು "ಕೆಂಪು ಸಾಲದು, ಕೆಂಪು ಸಾಲದು" ಅಂತ ಸುರಿಯುತ್ತಿದ್ದೆನಲ್ಲ, ಅದು ಸಾಕಾಗಿತ್ತು. ನನಗೆ ಕಾಣುತ್ತಿರಲಿಲ್ಲ ಅಷ್ಟೇ. ಬಿಳಿಯದ್ದೂ ಇದೇ ಕಥೆ. ಮಬ್ಬಿನಲ್ಲಿ ಇಡೀ ಬೋರ್ಡೇ ಮಂಕಾಗಿ ಕಾಣುವುದರಿಂದ ಬಿಳಿ ಸುರಿದು ಸುರಿದು, ಬೆಳಿಗ್ಗೆ ನೋಡಿದರೆ ಆಕಾಶಕ್ಕೆ ಸುಣ್ಣ ಹೊಡೆದಂತಿರುತ್ತಿತ್ತು.

ಆಗ ಹೋಗಿದ್ದು ನನ್ನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಹತ್ತಿರ. ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿದೆ. ಆರು ಬೋರ್ಡುಗಳನ್ನು ಜಗಲಿ ಮೇಲೆ ಸಾಲಾಗಿ ಇಟ್ಟೆ. ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಬಣ್ಣ ಚೆನ್ನಾಗಿ ಖರ್ಚು ಮಾಡಿದ್ದೀಯಮ್ಮಾ" ಅಂದರು. ಆಮೇಲೆ, "ಒಂದು ತಿಂಗಳು ಬಣ್ಣ ಮುಟ್ಟಬೇಡ. ಇದ್ದಿಲು ತಗೋ. ಕಣ್ಣು ಕಿರಿದು ಮಾಡಿ ನೋಡು, ಮೂರೇ ಟೋನ್. ಕಪ್ಪು, ನಡುವೆ ಒಂದು, ಬಿಳಿ. ಅಷ್ಟರಲ್ಲಿ ಸಂಜೆ ಬರದಿದ್ದರೆ ಬಣ್ಣದಲ್ಲೂ ಬರಲ್ಲ."

ಬ್ಯಾಂಕಿನ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಇದ್ದಿಲಿನಿಂದ ಬಿಡಿಸುತ್ತಾ ಹೋದೆ. ಇಪ್ಪತ್ತಾರು ಹಾಳೆ ಆಯಿತು. ಅಂಗೈ ಅಗಲದ ಚಿತ್ರಗಳು. ಶನಿವಾರ, ಭಾನುವಾರ ಸ್ಕೂಟರ್ ಹತ್ತಿ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋಗಿ, ಬರೀ ಇದ್ದಿಲು ಮೆತ್ತಿಕೊಂಡು ಬರುವುದು. ದಡದ ಗೂಡಂಗಡಿಯ ಹೆಂಗಸಿಗೆ ನನ್ನ ಮೇಲೆ ಕನಿಕರ. "ಕತ್ಲೆ ಆಯ್ತಲ್ಲ ಮೇಡಂ, ಏನು ಕಾಣ್ತದೆ ನಿಮಗೆ?" ಅಂತ ಚಹಾ ಕೊಡುತ್ತಿದ್ದಳು.

ಕಾಣುತ್ತಿತ್ತು. ಹತ್ತು ಹನ್ನೆರಡು ಹಾಳೆ ಆದ ಮೇಲೆ ಕಂಡಿದ್ದು ಇದು: ಸೂರ್ಯ ಮಂಜಿಗೆ ಇಳಿದ ಮೇಲೆ ಅವನಿಗೂ ಸುತ್ತಲ ಆಕಾಶಕ್ಕೂ ಟೋನಿನಲ್ಲಿ ವ್ಯತ್ಯಾಸವೇ ಇಲ್ಲ. ಇದ್ದಿಲಿನಲ್ಲಿ ಅವನನ್ನು ತೋರಿಸಲಿಕ್ಕೇ ಆಗುವುದಿಲ್ಲ. ಆದರೂ ಕಣ್ಣಿಗೆ ಹೊಳೆಯುತ್ತಾನೆ. ಅದು ಹೇಗೆ?

ಇದಕ್ಕೆ ಫ್ರೆಂಚ್ ಚಿತ್ರಕಾರ ಮೋನೆಯ 'ಇಂಪ್ರೆಷನ್, ಸನ್‌ರೈಸ್' ಚಿತ್ರವೇ ಒಳ್ಳೆ ಉದಾಹರಣೆ. 1872ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಬಿಡಿಸಿದ್ದು. ಬೂದುನೀಲಿ ಮಂಜು, ದೋಣಿಗಳು, ಒಂದು ಕಿತ್ತಳೆ ಸೂರ್ಯ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕಿಟ್ಟಾಗ ಒಬ್ಬ ವಿಮರ್ಶಕ ಇದೆಂಥ ಅರ್ಧಂಬರ್ಧ ಚಿತ್ರ ಅಂತ ಗೇಲಿ ಮಾಡಿದ. ಆ ರೀತಿಯ ಚಿತ್ರಕಲೆಗೆ ಇಂಪ್ರೆಷನಿಸಂ ಅನ್ನುವ ಹೆಸರು ಅಂಟಿಕೊಂಡಿದ್ದು ಆ ಗೇಲಿಯಿಂದ. (ನಮ್ಮ ಮನೆಯಲ್ಲೂ ಪ್ರತಿ ಚಿತ್ರಕ್ಕೆ "ಇನ್ನೂ ಮುಗಿದಿಲ್ವಾ?" ಅಂತ ಕೇಳುತ್ತಾರೆ. ಹೆಸರು ಮಾತ್ರ ಯಾರೂ ಇಟ್ಟಿಲ್ಲ.) ಆ ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ತೋರಿಸಿಕೊಟ್ಟವರು. ನಾನೂ ಫೋನಿನಲ್ಲಿ ಮಾಡಿ ನೋಡಿದೆ. ನಿಜ. ಸೂರ್ಯನನ್ನು ಮೋನೆ ಬೆಳ್ಳಗೆ ಮಾಡಿಲ್ಲ. ಸುತ್ತಲಿನದನ್ನು ತಣ್ಣಗೆ ಮಾಡಿದ್ದಾರೆ. ಆಮೇಲೆ ನನ್ನ ಅಟ್ಟದ ಚಿತ್ರವನ್ನೂ ಕಪ್ಪುಬಿಳುಪು ಮಾಡಿದೆ. ಸೂರ್ಯ ಬೆಳ್ಳನೆ ದೋಸೆಯಂತೆ ಎದ್ದು ಕೂತಿದ್ದ.

ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ. ನಮ್ಮ ಬಚ್ಚಲ ಒಲೆಯಲ್ಲಿ ದಿನಾ ನೋಡುತ್ತಿದ್ದೆ, ಹೊಳೆದಿರಲಿಲ್ಲ. ಕೆಂಡ ಕೆಂಪಗೆ ಕಾಣಲು ಸುತ್ತ ಬೂದಿ ಬೇಕು. ನಾನು ಇಷ್ಟು ದಿನ ಬೂದಿಯನ್ನೇ ಬಿಟ್ಟು ಒಲೆ ತುಂಬ ಕೆಂಡ ಬಿಡಿಸುತ್ತಿದ್ದೆ.

ಅಲ್ಲಿಂದ ಮುಂದೆ ನನ್ನ ಕೆಲಸ ಬೂದು ಕಲಸುವುದೇ ಆಯಿತು. ಕಿತ್ತಳೆ ಟ್ಯೂಬ್ ಕಪಾಟಿಗೆ ಹೋಯಿತು. ಈಗ ನನ್ನ ಹತ್ತಿರ ಆರೇ ಬಣ್ಣ: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಕ್ರಿಮ್ಸನ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ. ಕಪ್ಪು ಇಲ್ಲ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಟ್ಯೂಬಿನ ಕಪ್ಪಿಗಿಂತ ಜೀವ ಇರುವ ಕಪ್ಪು ಸಿಗುತ್ತದೆ. ನೀಲಿ ಸ್ವಲ್ಪ ಜಾಸ್ತಿಯಾದರೆ ದೂರದ ಗುಡ್ಡ, ಸಿಯೆನ್ನಾ ಜಾಸ್ತಿಯಾದರೆ ಹತ್ತಿರದ ದಡ.

ಮುಖ್ಯ ಬದಲಾವಣೆ ಇದು: ಬಣ್ಣ ಕಲಸುವುದು ದಡದಲ್ಲಿ ಅಲ್ಲ, ಮನೆಯಲ್ಲಿ, ಮಟಮಟ ಮಧ್ಯಾಹ್ನ. ಶನಿವಾರ ಊಟ ಆದ ಮೇಲೆ ಅಡುಗೆಮನೆ ಮೇಜಿನ ಮೇಲೆ ಕೂರುತ್ತೇನೆ. ಮೊದಲು ನೀಲಿ, ಸಿಯೆನ್ನಾ, ಬಿಳಿ ಸೇರಿಸಿ ಒಂದು ದೊಡ್ಡ ಬೂದು ಗುಪ್ಪೆ. ಇದು ಹೆಪ್ಪು ಇದ್ದ ಹಾಗೆ. ಇದರಿಂದಲೇ ಉಳಿದಿದ್ದೆಲ್ಲ. ಅದನ್ನು ಗಾಢ, ಮಧ್ಯಮ, ತಿಳಿ ಅಂತ ಮೂರು ಮಾಡುತ್ತೇನೆ. ಪ್ರತಿಯೊಂದನ್ನೂ ಮತ್ತೆ ಎರಡು ಪಾಲು. ಒಂದಕ್ಕೆ ಚೂರು ಕ್ರಿಮ್ಸನ್, ಚೂರು ಓಕರ್. ಇನ್ನೊಂದಕ್ಕೆ ಚೂರು ನೀಲಿ. ಒಟ್ಟು ಆರು ಗುಪ್ಪೆ. ಜೊತೆಗೆ ಬಟಾಣಿ ಗಾತ್ರದ ಒಂದು ಕೆಂಡದ ಬಣ್ಣ: ಕ್ರಿಮ್ಸನ್, ಓಕರ್, ಲೆಮನ್ ಯೆಲ್ಲೋ, ಸ್ವಲ್ಪ ಬಿಳಿ. ಬಟಾಣಿಗಿಂತ ದೊಡ್ಡದು ಮಾಡಿದರೆ ಕೈ ಸುಮ್ನೆ ಇರುವುದಿಲ್ಲ, ಬಳಸಿಬಿಡುತ್ತದೆ. ಎಲ್ಲವನ್ನೂ ಒಂದು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಬೆಣ್ಣೆಕಾಗದ ಹಾಸಿ ಇಟ್ಟು ಮುಚ್ಚಳ ಹಾಕಿದರೆ ಒಣಗುವುದಿಲ್ಲ. ಆ ಡಬ್ಬಿ ನಮ್ಮನೆಯವರದ್ದಾಗಿತ್ತು. ಈಗ ಟರ್ಪೆಂಟೈನ್ ವಾಸನೆಗೆ ಅವರು ಬೇರೆ ತಗೊಂಡಿದ್ದಾರೆ.

ಬೋರ್ಡಿಗೆ ಮೊದಲೇ ತೆಳುವಾಗಿ ಇಟ್ಟಿಗೆ ಬಣ್ಣ ಬಳಿದಿರುತ್ತೇನೆ. ಎಂಟು ಇಂಚು, ಹತ್ತು ಇಂಚಿನ ಬೋರ್ಡ್, ಅದಕ್ಕಿಂತ ದೊಡ್ಡದು ಇಪ್ಪತ್ತು ನಿಮಿಷಕ್ಕೆ ಆಗುವುದಿಲ್ಲ. ಈ ಕೆಳಬಣ್ಣಕ್ಕೆ ಅಕ್ರಿಲಿಕ್ ಬಳಸುತ್ತೇನೆ. ನೀರಿನಲ್ಲಿ ತೆಳು ಮಾಡಿ ಬಳಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಅಕ್ರಿಲಿಕ್ ಮೇಲೆ ಆಯಿಲ್ ಹಾಕಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಹಾಕಬಾರದು, ಎದ್ದು ಬರುತ್ತದೆ. ಬಿಳಿ ಬೋರ್ಡ್ ಮೇಲೆ ಯಾವ ಬೂದೂ ಕೊಳಕಾಗಿಯೇ ಕಾಣುತ್ತದೆ. ಇಟ್ಟಿಗೆ ಬಣ್ಣದ ಮೇಲೆ ಅದೇ ಬೂದು ನೀಲಿಯಾಗಿ ಕಾಣುತ್ತದೆ, ಇನ್ನೊಂದು ಹನಿ ನೀಲಿ ಸೇರಿಸದೆ. ನಾನು ಮೊದಲ ಸಲ ನೋಡಿದಾಗ ಟ್ಯೂಬ್ ಅದಲುಬದಲು ಆಯಿತೇನೋ ಅಂದುಕೊಂಡಿದ್ದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರೆಲ್ ಅನ್ನುವ ರಸಾಯನ ವಿಜ್ಞಾನಿಗೂ ಇದೇ ತಲೆನೋವು ಬಂದಿತ್ತಂತೆ. ಕಪ್ಪು ದಾರ ಕಪ್ಪಾಗಿಲ್ಲ ಅಂತ ದೂರು. ಬಣ್ಣದಲ್ಲಿ ದೋಷ ಇರಲಿಲ್ಲ, ಪಕ್ಕದ ದಾರದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. ಅವರು ಇದರ ಮೇಲೆ 1839ರಲ್ಲಿ ಪುಸ್ತಕವನ್ನೇ ಬರೆದರು.

ದಡಕ್ಕೆ ಐದೂವರೆಗೆ ತಲುಪುತ್ತೇನೆ. ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲಿನ ಹತ್ತಿರ, ನವೆಂಬರ್ ಕೊನೆಯಲ್ಲಿ ಆರಕ್ಕೇ. ಮೊದಲ ಅರ್ಧ ಗಂಟೆ ಗೆರೆ ಮಾತ್ರ. ನೀರಿನ ಅಂಚು ಎಲ್ಲಿ, ಗುಡ್ಡ ಎಲ್ಲಿ, ಯಾವ ಮೋಟು ಇರಬೇಕು, ಯಾವುದು ಬೇಡ. ಒಮ್ಮೆ ಕಂಡ ಮೋಟನ್ನೆಲ್ಲ ಬಿಡಿಸಿಕೊಂಡು ಬಂದಿದ್ದೆ. "ಗಣತಿಗೆ ಹೋಗಿದ್ಯಾ?" ಅಂದರು ಮೇಷ್ಟ್ರು. ಈಗ ಐದು. ಅದರಲ್ಲೂ ಎರಡರ ಬುಡ ನೀರಿನಲ್ಲಿ ಕರಗಿಹೋಗಿರುತ್ತದೆ. ನೆಲದ ಗಾಢ ಬಣ್ಣವನ್ನು ಬೆಳಕಿರುವಾಗಲೇ ತುಂಬಿಬಿಡುತ್ತೇನೆ, ಹೇಗೂ ಅದು ಆಮೇಲೆ ಜಾಸ್ತಿ ಬದಲಾಗುವುದಿಲ್ಲ. ಆಕಾಶ, ನೀರು ಎರಡನ್ನೂ ಖಾಲಿ ಬಿಟ್ಟು ಕಾಯುತ್ತೇನೆ.

ಈ ಕಾಯುವುದೇ ಕಷ್ಟ. ಸೂರ್ಯ ಇಳಿಯುವಾಗ ಕೈ ತುರಿಸುತ್ತದೆ. ಪಕ್ಕದಲ್ಲಿ ಬಸ್ಸಿನಿಂದ ಇಳಿದವರೆಲ್ಲ ಫೋಟೋ ತೆಗೆಯುತ್ತಿರುತ್ತಾರೆ. ಅದಕ್ಕೇ ಎರಡನೇ ಬೋರ್ಡ್ ತಗೊಂಡು ಹೋಗುತ್ತೇನೆ. ಮೋನೆ ಹುಲ್ಲುಬಣವೆಗಳನ್ನು ಬಿಡಿಸುವಾಗ ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದರು. ನನಗೆ ಅಷ್ಟು ಹೊರಲು ಸ್ಕೂಟರಿನಲ್ಲಿ ಜಾಗ ಇಲ್ಲ, ಎರಡೇ. ಒಂದು ಸೂರ್ಯ ಇರುವಾಗಿನದು, ಕೈಯ ಚಟಕ್ಕೆ. ಇನ್ನೊಂದು ಮುಳುಗಿದ ಐದು ನಿಮಿಷದ ಮೇಲಿನದು, ಅದು ನಿಜವಾದ ಕೆಲಸ. ಒಂದರ ಬೆಳಕನ್ನು ಇನ್ನೊಂದಕ್ಕೆ ಹಾಕಬಾರದು. ಹಾಕಿದರೆ ನೆರಳು ಒಂದು ಕಡೆ, ಆಕಾಶ ಇನ್ನೊಂದು ಕಡೆ ಮಾತಾಡುತ್ತವೆ.

ಸೂರ್ಯ ಹೋದ ಮೇಲೆ ಪ್ರವಾಸಿಗಳೂ ಹೊರಡುತ್ತಾರೆ. ನನಗೆ ಇಷ್ಟವಾದ ಬಣ್ಣ ಬರುವುದು ಆಗ. ಗುಡ್ಡದ ಮೇಲೆ ಒಂದು ಬೆರಳಗಲ ಕೆಂಡ. ಅದರ ಮೇಲೆ ಮುರುಗಲ ಪಾನಕಕ್ಕೆ ಹಾಲು ಬಿದ್ದಂಥ ಬಣ್ಣ. ಇನ್ನೂ ಮೇಲೆ ಹೆಸರಿಲ್ಲದ ಒಂದು ಹಸಿರು, ಅದು ಎರಡು ನಿಮಿಷ ಇರುತ್ತದೆ. ಆಮೇಲೆ ಬೂದುನೀಲಿ. ನೀರಿನಲ್ಲಿ ಇದೆಲ್ಲ ತಲೆಕೆಳಗಾಗಿ, ಒಂದು ಚೂರು ಗಾಢವಾಗಿ. ಇನ್ನೊಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು: ನೀರಿನಲ್ಲಿ ಬೆಳ್ಳಗಿನದು ಸ್ವಲ್ಪ ಕಪ್ಪಾಗುತ್ತದೆ, ಕಪ್ಪಗಿನದು ಸ್ವಲ್ಪ ತಿಳಿಯಾಗುತ್ತದೆ. ಮೋಟಿನ ನೆರಳನ್ನು ಮೋಟಿನಷ್ಟೇ ಕಪ್ಪು ಮಾಡಿದರೆ ಅದು ನೀರಿನಲ್ಲಿ ಇರುವುದಿಲ್ಲ, ಬೋರ್ಡಿನ ಮೇಲೆ ಅಂಟಿಸಿದಂತೆ ಇರುತ್ತದೆ.

ಬ್ರಷ್ ಹಂದಿಕೂದಲಿನ ಫ್ಲಾಟ್, ಎಂಟನೇ ನಂಬರ್. ಸಣ್ಣ ಬ್ರಷ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ, ಇದ್ದರೆ ತಾನೇ ಎಲೆ ಬಿಡಿಸುವ ಆಸೆ. ಒಂದು ಗೀಟು ಹಾಕು, ಬ್ರಷ್ ಹಳೇ ಪಂಚೆಗೆ ಒರೆಸು, ಇನ್ನೊಂದು ಗೀಟು ಹಾಕು. ಹಾಕಿದ್ದನ್ನು ತಿಕ್ಕಬಾರದು. ಬೂದುಗುಲಾಬಿ ಪಕ್ಕದಲ್ಲಿ ಬೂದುನೀಲಿ ಇಟ್ಟು, ನಡುವೆ ಇಟ್ಟಿಗೆ ಬಣ್ಣ ಇಣುಕಲು ಬಿಟ್ಟರೆ ನೀರು ತಾನೇ ಅಲುಗುತ್ತದೆ. ತಿಕ್ಕಿ ಸೇರಿಸಿದರೆ ಕೆಸರು. ಬೆಂಗಳೂರಿನಲ್ಲಿ ರುಮಾಲೆ ಚನ್ನಬಸವಯ್ಯ ಅವರ ಹೂಬಿಟ್ಟ ಮರಗಳ ಚಿತ್ರಗಳನ್ನು ಹತ್ತಿರದಿಂದ ನೋಡಿದಾಗ ಇದು ಇನ್ನೂ ಸರಿಯಾಗಿ ಅರ್ಥವಾಯಿತು. ಮೂಗು ತಾಗುವಷ್ಟು ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆ, ಗೀಟು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮರ. ನಮ್ಮ ಬಿಸಿಲಿಗೂ ಈ ರೀತಿ ಒಗ್ಗುತ್ತದೆ ಅನ್ನುವ ಧೈರ್ಯ ಬಂದಿದ್ದು ಅವರಿಂದ.

ದೀಪದ ವಿಷಯ ಹೇಳಲೇಬೇಕು. ಮೊದಲು ಟಾರ್ಚ್ ಕಟ್ಟಿಕೊಂಡು ಹೋಗಿದ್ದೆ, ಹಳದಿ ಬೆಳಕಿನದು. ಆ ಬೆಳಕಿನಲ್ಲಿ ಹಳದಿ ಬಣ್ಣಕ್ಕೂ ಬಿಳಿಗೂ ವ್ಯತ್ಯಾಸ ಕಾಣುವುದಿಲ್ಲ. ಮರುದಿನ ಆಕಾಶ ಚಿತ್ರಾನ್ನ. ಈಗ ಪುಸ್ತಕಕ್ಕೆ ಸಿಕ್ಕಿಸುವ ಚಿಕ್ಕ ಬಿಳಿ ಎಲ್ಇಡಿ ಇದೆ. ಬೋರ್ಡಿಗೂ ಡಬ್ಬಿಗೂ ಒಂದೇ ಬೆಳಕು ಬೀಳಬೇಕು, ಕಣ್ಣಿಗೆ ಬೀಳಬಾರದು. ಬಿದ್ದರೆ ಎದುರಿನ ಹಿನ್ನೀರು ಹಲವು ನಿಮಿಷ ಬರೀ ಕಪ್ಪು. ಇಷ್ಟೆಲ್ಲ ಮಾಡಿದರೂ ಕೊನೆಯ ಐದು ನಿಮಿಷ ನಾನು ಬಣ್ಣವನ್ನು ನಂಬುವುದಿಲ್ಲ. ಮಧ್ಯಾಹ್ನ ಕಲಸಿದ ಗುಪ್ಪೆಗಳನ್ನು ನಂಬುತ್ತೇನೆ. ಯಾವುದು ಡಬ್ಬಿಯ ಯಾವ ಮೂಲೆಯಲ್ಲಿದೆ ಅಂತ ಕೈಗೆ ಗೊತ್ತಿರುತ್ತದೆ, ಸಾಸಿವೆ ಡಬ್ಬಿ ಗೊತ್ತಿರುವ ಹಾಗೆ. ಮರುದಿನ ಬೆಳಿಗ್ಗೆ ಅರ್ಧ ಗಂಟೆ ತಿದ್ದುತ್ತೇನೆ, ಅಷ್ಟೇ. ಅದಕ್ಕಿಂತ ಜಾಸ್ತಿ ತಿದ್ದಿದ ಒಂದು ಚಿತ್ರವೂ ಉಳಿದಿಲ್ಲ.

ಮಳೆಗಾಲದಲ್ಲಿ ಎಲ್ಲ ಬಂದ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಆಯಿಲ್ ಪೇಂಟ್ ಒಣಗುವುದನ್ನು ಕಾಯುವುದಕ್ಕಿಂತ ಅಡಿಕೆ ಒಣಗುವುದನ್ನು ಕಾಯಬಹುದು. ಒಂದು ವರ್ಷ ಗೋಡೆಗೆ ಒರಗಿಸಿಟ್ಟ ಏಳು ಬೋರ್ಡಿಗೆ ಬೂಸ್ಟು ಹಿಡಿಯಿತು. ಈಗ ಮೇ ಕೊನೆಗೆ ಕೆಲಸ ನಿಲ್ಲಿಸಿ, ಗಾಳಿಯಾಡುವ ಹಾಗೆ ಒಂದರ ಪಕ್ಕ ಒಂದು ನಿಲ್ಲಿಸುತ್ತೇನೆ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಮೇಲೆ ಗಾಡಿ ಓಡಾಟ ಶುರುವಾಯಿತು. ಊರಿನವರಿಗೆ ಎಷ್ಟೋ ವರ್ಷದ ಕನಸು. ನನಗೆ ಮಾತ್ರ ಹೊಸ ತಾಪತ್ರಯ. ಇಷ್ಟು ದಿನ ನನ್ನ ಚಿತ್ರದಲ್ಲಿ ಎಲ್ಲಕ್ಕಿಂತ ತಿಳಿ ಬಣ್ಣ ಅಂದರೆ ಆಕಾಶ. ಈಗ ಸರಿಯಾಗಿ ಆ ಹತ್ತು ನಿಮಿಷದಲ್ಲಿ ಸೇತುವೆ ಮೇಲೆ ಗಾಡಿಗಳ ಹೆಡ್‌ಲೈಟ್ ಹೊತ್ತಿಕೊಳ್ಳುತ್ತವೆ. ಒಂದೊಂದು ಚುಕ್ಕೆಯೂ ಆಕಾಶಕ್ಕಿಂತ ಬೆಳ್ಳಗೆ. ಅದನ್ನು ಹಾಕಿದ ತಕ್ಷಣ ಕೆಂಡ ಆರಿಹೋಗುತ್ತದೆ. ಹಾಕದಿದ್ದರೆ ಸುಳ್ಳು. ಆಕಾಶವನ್ನು ಅರ್ಧ ಟೋನ್ ಇಳಿಸಿ ಒಂದು ಮಾಡಿದೆ, ನಡುರಾತ್ರಿಯಾಯಿತು. ಚುಕ್ಕೆಗೆ ಓಕರ್ ಸೇರಿಸಿ ಇನ್ನೊಂದು ಮಾಡಿದೆ, ಲಾಟೀನಿನಂತಾಯಿತು. ಮೂರನೆಯದರಲ್ಲಿ ಚುಕ್ಕೆ ಇರುವ ಜಾಗವನ್ನು ಸಾಸಿವೆ ಕಾಳಿನಷ್ಟು ಖಾಲಿ ಬಿಟ್ಟಿದ್ದೇನೆ. ಇಟ್ಟಿಗೆ ಬಣ್ಣ ಹಾಗೇ ಕಾಣುತ್ತಿದೆ.

ಕಳೆದ ವಾರ ಅದನ್ನು ಹಿಡಿದುಕೊಂಡು ನಿಂತಿದ್ದಾಗ ಗೂಡಂಗಡಿಯವಳು ಚಹಾ ತಂದಳು. ಬೋರ್ಡ್ ನೋಡಿದಳು, ಸೇತುವೆ ನೋಡಿದಳು.

"ಮೇಡಂ, ಅಲ್ಲಿ ಲಾರಿ ಬರ್ತಾ ಉಂಟು ನೋಡಿ. ಬೇಗ ಹಾಕ್ಕೊಳ್ಳಿ, ಈಗ ಹೋಗ್ಬಿಡ್ತದೆ."